ಥರ್ಮೊಕೋಲ್ ಡಬ್ಬಿ, ನೀರಿನ ಕ್ಯಾನ್, ಕಲ್ಲು ಚಪ್ಪಡಿ: ಮನೆಯಲ್ಲೇ ಸೆಕೆಂಡು ಕಾಯುವವರ ಹವ್ಯಾಸ

ಯಲಹಂಕ: ಅಂಗಡಿ ಮುಂದೆ ನಿಲ್ಲಿಸಿದ್ದ ಸ್ಕೂಟರ್ ಕಳುವಾಯ್ತು ಅಂತಿಟ್ಟುಕೊಳ್ಳಿ. ಪೊಲೀಸರು ಬಂದು ಸಿಸಿಟಿವಿ ತೋರಿಸಿ ಅಂತಾರೆ. ಗಿರಾಕಿ ಯುಪಿಐನಲ್ಲಿ ದುಡ್ಡು ಹಾಕಿದ ಮೆಸೇಜ್‌ನಲ್ಲಿ ಸಂಜೆ 7.42 ಅಂತಿದೆ. ಕ್ಯಾಮೆರಾದಲ್ಲಿ ಅದೇ ಗಿರಾಕಿ ಕೌಂಟರ್ ಮುಂದೆ ನಿಂತಿರೋದು 7.31ಕ್ಕೆ. ಹನ್ನೊಂದು ನಿಮಿಷ ವ್ಯತ್ಯಾಸ. ಯಾವುದು ಸರಿ?

ಯುಪಿಐ ಸರಿ. ಕ್ಯಾಮೆರಾದ ಡಿವಿಆರ್ ಪೆಟ್ಟಿಗೆ ಹಿಂದೆ ಬಿದ್ದಿದೆ. ಯಾರೂ ಮುಟ್ಟಿಲ್ಲ, ಕೆಟ್ಟೂ ಇಲ್ಲ. ಹಾಕಿಸಿ ಒಂದು ವರ್ಷ ಆಗಿದೆ, ಅಷ್ಟೇ. ಅದರೊಳಗಿನ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 20ರಷ್ಟು ನಿಧಾನ ಇದ್ದರೂ ಸಾಕು, ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ 52 ಸೆಕೆಂಡು, ವರ್ಷಕ್ಕೆ ಹತ್ತು ನಿಮಿಷ ಮೀರಿ ಹಿಂದೆ ಬೀಳುತ್ತೆ. ಅಗ್ಗದ ಗಡಿಯಾರ ಚಿಪ್‌ಗಳಲ್ಲಿ ಇದು ಮಾಮೂಲಿ.

ಈ ಹತ್ತು ಲಕ್ಷಕ್ಕೆ 20 ಅನ್ನೋದನ್ನು ನೂರು ಕೋಟಿಗೆ ಒಂದು, ಹತ್ತು ಸಾವಿರ ಕೋಟಿಗೆ ಒಂದು ಅನ್ನೋವರೆಗೆ ಇಳಿಸೋಕೆ ಮನೆಯಲ್ಲೇ ಕೂತು ಹೆಣಗುವ ಹವ್ಯಾಸಿಗಳು ಪ್ರಪಂಚದ ತುಂಬ ಇದ್ದಾರೆ. ಹ್ಯಾಮ್ ರೇಡಿಯೋದವರು, ಹಳೇ ಟೆಸ್ಟ್ ಉಪಕರಣ ರಿಪೇರಿ ಮಾಡುವವರು, ನಿವೃತ್ತ ಎಂಜಿನಿಯರುಗಳು. ಅವರ ಖರ್ಚು ಯಂತ್ರಕ್ಕೆ, ನಿಜ. ಆದ್ರೆ ಅವರ ಜಗಳವೆಲ್ಲ ಒಂದೇ ಶತ್ರುವಿನ ಜೊತೆ: ಬಿಸಿಲು ಮತ್ತು ಚಳಿ.

ಜಾಲಹಳ್ಳಿಯಿಂದ ಜಕ್ಕೂರಿಗೆ

ನಮ್ಮ ಉತ್ತರ ಬೆಂಗಳೂರಿಗೆ ಈ ವಿಷಯ ಹೊಸದಲ್ಲ. ದೇಶದ ಕೈಗಳಿಗೆ ವಾಚು ಕಟ್ಟಿದ್ದೇ ಜಾಲಹಳ್ಳಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ವಾಚು ತಯಾರಿಕೆ ಇಲ್ಲಿ ಶುರುವಾಗಿದ್ದು 1961ರಲ್ಲಿ. ಅದಕ್ಕೂ ಮೊದಲು, 1954ರಲ್ಲಿ ಹುಟ್ಟಿದ ಬಿಇಎಲ್ ಅದೇ ಜಾಲಹಳ್ಳಿಯಲ್ಲಿ ಸೇನೆಗೆ ರೇಡಿಯೋ ಮಾಡಲು ಕೂತಿತು. ರೇಡಿಯೋಗೆ ಬೇಕಾದ ಕ್ವಾರ್ಟ್ಜ್ ಕ್ರಿಸ್ಟಲ್‌ಗಳನ್ನೂ ಮಾಡಿತು. ಪೀಣ್ಯದಲ್ಲಿ ಇಸ್ರೋದ ಇಸ್ಟ್ರಾಕ್ ಇದೆ.

ಇನ್ನು ಜಕ್ಕೂರು. ಇಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ ಪ್ರಾದೇಶಿಕ ಮಾನಕ ಪ್ರಯೋಗಾಲಯ ಇದೆ. ಆರ್‌ಆರ್‌ಎಸ್‌ಎಲ್ ಅಂತ ಕರೀತಾರೆ. ಅಂಗಡಿಯವರಿಗೆ ಇದರ ನಂಟು ಗೊತ್ತಿಲ್ಲದೇ ಇರಬಹುದು, ಆದ್ರೆ ನಂಟು ಇದೆ. ನಿಮ್ಮ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕೋ ಇನ್‌ಸ್ಪೆಕ್ಟರ್ ಬಳಿ ಒಂದು ತೂಕದ ಸೆಟ್ ಇರುತ್ತೆ. ಆ ಸೆಟ್ಟನ್ನು ಅದಕ್ಕಿಂತ ಮೇಲಿನ ಸೆಟ್ ಜೊತೆ ಹೋಲಿಸಿ ನೋಡ್ತಾರೆ, ಅದನ್ನು ಇಂಥ ಪ್ರಯೋಗಾಲಯದಲ್ಲಿ, ಪ್ರಯೋಗಾಲಯದ್ದನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ. ಯಶವಂತಪುರ ಯಾರ್ಡಿನ ಈರುಳ್ಳಿ ಮೂಟೆಯಿಂದ ದೆಹಲಿಯವರೆಗೆ ಒಂದು ಸರಪಳಿ.

ಈಗ ಅದೇ ಸರಪಳಿಯನ್ನು ಸಮಯಕ್ಕೂ ಹಾಕ್ತಿದ್ದಾರೆ. ಭಾರತೀಯ ಕಾಲಮಾನವನ್ನು ಕಾಯೋದು ದೆಹಲಿಯ ಎನ್‌ಪಿಎಲ್. ಅದನ್ನು ದೇಶಕ್ಕೆಲ್ಲ ಹಂಚಲು ಗ್ರಾಹಕ ವ್ಯವಹಾರಗಳ ಇಲಾಖೆ, ಎನ್‌ಪಿಎಲ್ ಮತ್ತು ಇಸ್ರೋ ಸೇರಿ ಐದು ಊರುಗಳನ್ನು ಆರಿಸಿಕೊಂಡವು: ಅಹಮದಾಬಾದ್, ಬೆಂಗಳೂರು, ಭುವನೇಶ್ವರ, ಫರೀದಾಬಾದ್, ಗುವಾಹಟಿ. 2025ರ ಜನವರಿಯಲ್ಲಿ ಕಾನೂನು, ವಾಣಿಜ್ಯ, ಆಡಳಿತದ ಕೆಲಸಗಳಿಗೆಲ್ಲ ಭಾರತೀಯ ಕಾಲಮಾನವನ್ನೇ ಬಳಸಬೇಕು ಅನ್ನೋ ಕರಡು ನಿಯಮ ಪ್ರಕಟಿಸಿ ಜನರ ಅಭಿಪ್ರಾಯವನ್ನೂ ಕೇಳಲಾಗಿತ್ತು. ತೂಕ, ಅಳತೆ ಆದಮೇಲೆ ಸಮಯ. ಹವ್ಯಾಸಿಗಳು ಮನೆಯ ಮೂಲೆಯಲ್ಲಿ ಮಾಡೋದೂ ಇದರದ್ದೇ ಚಿಕ್ಕ ರೂಪ.

ಕ್ರಿಸ್ಟಲ್‌ಗೆ ಬಿಸಿ ತಾಗಿದರೆ ಏನಾಗುತ್ತೆ

ಕ್ವಾರ್ಟ್ಜ್ ಅಂದ್ರೆ ಬೆಣಚುಕಲ್ಲಿನ ಜಾತಿಯ ಹರಳು. ತೆಳ್ಳಗೆ ಕತ್ತರಿಸಿ ವಿದ್ಯುತ್ ಕೊಟ್ಟರೆ ನಡುಗುತ್ತೆ, ಗಂಟೆ ಹೊಡೆದಂಗೆ. ಕೈಗಡಿಯಾರದ ಕ್ರಿಸ್ಟಲ್ ಸೆಕೆಂಡಿಗೆ 32,768 ಸಲ ನಡುಗುತ್ತೆ. ಈ ವಿಚಿತ್ರ ಸಂಖ್ಯೆ ಯಾಕೆ ಅಂದ್ರೆ, ಇದನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಉಳಿಯುತ್ತೆ. ಅದೇ ಸೆಕೆಂಡು.

ಈ ಕ್ರಿಸ್ಟಲ್‌ಗೆ ಇಷ್ಟವಾದ ತಾಪಮಾನ ಸುಮಾರು 25 ಡಿಗ್ರಿ. ಅದಕ್ಕಿಂತ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ಹತ್ತು ಡಿಗ್ರಿ ಸರಿದರೆ ದಿನಕ್ಕೆ ಮೂರನೇ ಒಂದು ಸೆಕೆಂಡಿನಷ್ಟು ವ್ಯತ್ಯಾಸ. ದುಪ್ಪಟ್ಟು ಸರಿದರೆ ವ್ಯತ್ಯಾಸ ದುಪ್ಪಟ್ಟಲ್ಲ, ನಾಲ್ಕು ಪಟ್ಟು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 50 ಡಿಗ್ರಿ ಮುಟ್ಟಿದಾಗ ಅಲ್ಲಿನ ಗಡಿಯಾರ ದಿನಕ್ಕೆ ಎರಡು ಸೆಕೆಂಡಿನ ಲೆಕ್ಕದಲ್ಲಿ ಹಿಂದೆ ಬೀಳ್ತಿರುತ್ತೆ. ಎಚ್‌ಎಂಟಿ ಕಾಲದಲ್ಲಿ ಕೀಲಿ ವಾಚು ದಿನಕ್ಕೆ ಅರ್ಧ ನಿಮಿಷ ಆಚೀಚೆ ಆದರೂ ಯಾರೂ ಕೇಳ್ತಿರಲಿಲ್ಲ, ಆ ಮಾತು ಬೇರೆ.

ಹಾಗಾದ್ರೆ ತಣ್ಣಗೆ ಇಟ್ಟರೆ ಆಯ್ತಲ್ಲ? ಬೆಂಗಳೂರಿನ ಹವೆ ಎಷ್ಟೇ ಒಳ್ಳೇದು ಅಂದ್ರೂ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ, ಡಿಸೆಂಬರ್ ಬೆಳಗಿನ ಜಾವ 15-16. ಒಂದೇ ದಿನದೊಳಗೇ ಹತ್ತು ಡಿಗ್ರಿ ಮೇಲೆ-ಕೆಳಗೆ. ಎಸಿ ಹಾಕಿದರೆ ಇನ್ನೂ ಕಷ್ಟ. ಅದು ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಆನ್-ಆಫ್ ಆಗ್ತಾ ಕೋಣೆಯನ್ನು ಅಲುಗಾಡಿಸ್ತಾನೇ ಇರುತ್ತೆ.

ಎಂಜಿನಿಯರುಗಳು ಕಂಡುಕೊಂಡ ದಾರಿ ತಲೆಕೆಳಗು. ತಣ್ಣಗಿಡಬೇಡಿ, ಬಿಸಿಯಾಗಿಡಿ. ಹೊರಗಿನ ಹವೆ ಎಂದೂ ಮುಟ್ಟಲಾರದಷ್ಟು ಬಿಸಿ. ಕ್ರಿಸ್ಟಲ್ಲನ್ನು ಪುಟ್ಟ ಲೋಹದ ಡಬ್ಬಿಯಲ್ಲಿ ಹೀಟರ್ ಜೊತೆ ಕೂಡಿಹಾಕಿ 80-90 ಡಿಗ್ರಿಯಲ್ಲಿ ನಿಲ್ಲಿಸ್ತಾರೆ. ಕ್ರಿಸ್ಟಲ್ಲನ್ನೂ ಆ ಬಿಸಿಯಲ್ಲೇ ನೆಮ್ಮದಿಯಾಗಿರುವ ಕೋನದಲ್ಲಿ ಕತ್ತರಿಸಿರ್ತಾರೆ. ಹೊರಗೆ ಚಳಿಯಾದರೆ ಹೀಟರ್ ಸ್ವಲ್ಪ ಜಾಸ್ತಿ ಉರಿಯುತ್ತೆ, ಸೆಖೆಯಾದರೆ ಕಮ್ಮಿ. ಒಳಗೆ ಅದೇ ತಾಪಮಾನ. ಇದನ್ನು ಓವನ್ ಕ್ರಿಸ್ಟಲ್ ಅಂತಾರೆ. ಸಾಮಾನ್ಯವಾಗಿ 10 ಮೆಗಾಹರ್ಟ್ಜ್, ಅಂದ್ರೆ ಸೆಕೆಂಡಿಗೆ ಒಂದು ಕೋಟಿ ಬಡಿತ. ಒಳ್ಳೇದೊಂದು ನೂರು ಕೋಟಿಗೆ ಒಂದರಷ್ಟೂ ತಪ್ಪಲ್ಲ. 31 ವರ್ಷಕ್ಕೆ ಒಂದು ಸೆಕೆಂಡು ಅಂದುಕೊಳ್ಳಿ.

ಮೊಬೈಲ್ ಟವರ್‌ಗಳ ಹಳೇ ಉಪಕರಣಗಳಲ್ಲಿ ಇಂಥವು ಇರುತ್ತವೆ. ಅದರಲ್ಲೂ ಸಿಡಿಎಂಎ ಟವರ್‌ಗಳು ಒಂದಕ್ಕೊಂದು ಸಮಯ ಹೊಂದಿಸಿಕೊಂಡೇ ಕೆಲಸ ಮಾಡಬೇಕಿತ್ತು, ಹಾಗಾಗಿ ಪ್ರತಿ ಟವರ್‌ನಲ್ಲೂ ಒಳ್ಳೇ ಗಡಿಯಾರ. ಆ ಜಾಲಗಳು ಮುಚ್ಚಿದಾಗ ಅವೆಲ್ಲ ಗುಜರಿಗೆ ಬಂದವು. ಒಂದು ಕಾಲಕ್ಕೆ ಲಕ್ಷಗಟ್ಟಲೆ ಬೆಲೆಯ ವಸ್ತು ಕೆಲವೇ ಸಾವಿರಕ್ಕೆ ಕೈಗೆ ಸಿಗೋ ಹಾಗಾಗಿದ್ದರಿಂದಲೇ ಈ ಹವ್ಯಾಸ ಸಾಮಾನ್ಯರಿಗೂ ಎಟುಕಿದ್ದು.

ಡಬ್ಬಿಗೆ ಇನ್ನೊಂದು ಡಬ್ಬಿ

ಓವನ್ ಇದ್ದ ಮೇಲೆ ಮುಗೀತಲ್ಲ ಅಂದ್ರೆ, ಇಲ್ಲ. ಹವ್ಯಾಸ ಶುರುವಾಗೋದೇ ಇಲ್ಲಿ. ಓವನ್ ಹೊರಗಿನ ಏರಿಳಿತವನ್ನು ಪೂರ್ತಿ ತಡೆಯಲ್ಲ, ನೂರರಲ್ಲೋ ಸಾವಿರದಲ್ಲೋ ಒಂದು ಪಾಲು ಒಳಗೆ ನುಸುಳುತ್ತೆ. ಫ್ಯಾನ್ ಗಾಳಿ ನೇರ ಬಡಿದರೂ ಅಳತೆಯಲ್ಲಿ ಕಾಣುತ್ತೆ. ಕೋಣೆಯ ಬಾಗಿಲು ತೆಗೆದರೆ ಕಾಣುತ್ತೆ. ಅದಕ್ಕೆ ಓವನ್‌ನ ಸುತ್ತ ಇನ್ನೊಂದು ಮನೆ ಕಟ್ತಾರೆ.

ಮೊದಲ ಕೆಲಸ ಜಾಗ ಹುಡುಕೋದು. ಮೇಲ್ಮಹಡಿಯ ಕೋಣೆ ಬೇಡವೇ ಬೇಡ. ಆರ್‌ಸಿಸಿ ತಾರಸಿ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹತ್ತರವರೆಗೂ ಕೆಳಗೆ ಬಿಡ್ತಾ ಇರುತ್ತೆ. ನೆಲಮಹಡಿಯ ಗೋಡೆ ಬೀರುವಿನ ಕೆಳಗಿನ ತಟ್ಟು ಒಳ್ಳೇದು. ಪಶ್ಚಿಮದ ಗೋಡೆ ಬೇಡ. ಫ್ರಿಜ್ ಪಕ್ಕ ಬೇಡ.

ಎರಡನೇದು ಭಾರ. ಭಾರದ ವಸ್ತು ನಿಧಾನವಾಗಿ ಕಾಯುತ್ತೆ, ನಿಧಾನವಾಗಿ ಆರುತ್ತೆ. ನಮ್ಮ ಕಡೆಯ ಸಾದಹಳ್ಳಿ ಕಲ್ಲಿನ ಚಪ್ಪಡಿ ಇದಕ್ಕೆ ಹೇಳಿ ಮಾಡಿಸಿದ್ದು. ಆದ್ರೆ 20 ಕೆ.ಜಿ. ಕಲ್ಲು ಮಾಡೋ ಕೆಲಸವನ್ನು ನಾಲ್ಕು ಲೀಟರ್ ನೀರೇ ಮಾಡಿಬಿಡುತ್ತೆ. ಬಿಸಿಯನ್ನು ಹಿಡಿದಿಡೋದರಲ್ಲಿ ನೀರಿಗೆ ಸಮ ಇಲ್ಲ. ಬಿಗಿ ಮುಚ್ಚಳದ ಕ್ಯಾನ್‌ನಲ್ಲಿ ನೀರು ತುಂಬಿ ಪಕ್ಕದಲ್ಲಿಟ್ಟರೆ ಸಾಕು. ಸೋರಿದರೆ ಮಾತ್ರ ಕತೆ ಮುಗೀತು, ಅದಕ್ಕೇ ಕೆಲವರು ಕಲ್ಲನ್ನೇ ನೆಚ್ಚಿಕೊಳ್ಳೋದು.

ಮೂರನೇದು ಥರ್ಮೊಕೋಲ್. ಎರಡು ಇಂಚು ದಪ್ಪದ ಹಾಳೆಯಲ್ಲಿ ಒಂದು ಅಡಿ ಉದ್ದಗಲದ ಪೆಟ್ಟಿಗೆ ಮಾಡಿ, ಒಳಗೆ ನಾಲ್ಕು ಲೀಟರ್ ನೀರಿಟ್ಟರೆ ಹೊರಗಿನ ಹತ್ತು ಡಿಗ್ರಿ ಏರಿಳಿತ ಒಳಗೆ ಸುಮಾರು ನಾಲ್ಕಕ್ಕೆ ಇಳಿಯುತ್ತೆ. ಅಷ್ಟೇ ಅಲ್ಲ, ತಡವಾಗಿ ಬರುತ್ತೆ. ಮಧ್ಯಾಹ್ನ ಎರಡೂವರೆಯ ಸೆಖೆ ಪೆಟ್ಟಿಗೆಯೊಳಗೆ ಮುಟ್ಟೋದು ಸಂಜೆ ಏಳರ ಹೊತ್ತಿಗೆ. ಆ ಪೆಟ್ಟಿಗೆಯೊಳಗೆ ಒಂದು ಸಣ್ಣ ಹೀಟರ್, ಒಂದು ತಾಪಮಾನ ಸೆನ್ಸರ್, ಎರಡನ್ನೂ ಜೋಡಿಸುವ ಸಣ್ಣ ಸರ್ಕ್ಯೂಟ್ ಇಟ್ಟು ವರ್ಷದ ಅತಿ ಸೆಖೆಗಿಂತ ಸ್ವಲ್ಪ ಮೇಲೆ, 42-45 ಡಿಗ್ರಿಗೆ ನಿಲ್ಲಿಸಿದರೆ ಉಳಿದ ನಾಲ್ಕೂ ಡಿಗ್ರಿಯಲ್ಲಿ ಹತ್ತನೇ ಒಂದು ಭಾಗವೂ ಉಳಿಯಲ್ಲ.

ಇಲ್ಲಿ ಹೊಸಬರು ಎಡವೋ ಒಂದು ಜಾಗ ಇದೆ. ಕ್ರಿಸ್ಟಲ್ ಆದಮೇಲೆ ಮುಂದಿನ ಮೆಟ್ಟಿಲು ರುಬಿಡಿಯಂ. ಇದು ಪರಮಾಣು ಗಡಿಯಾರವೇ. ರುಬಿಡಿಯಂ ಅನಿಲದ ಪರಮಾಣು ಸೆಕೆಂಡಿಗೆ ಸುಮಾರು 683 ಕೋಟಿ ಸಲ ಬಡಿಯುವ ಒಂದು ನಿರ್ದಿಷ್ಟ ಅಲೆಗೆ ಮಾತ್ರ ಸ್ಪಂದಿಸುತ್ತೆ. ಆ ಸ್ಪಂದನೆ ನೋಡಿಕೊಂಡು ಪಕ್ಕದ ಕ್ರಿಸ್ಟಲ್ಲನ್ನು ಸರಿದಾರಿಗೆ ತರ್ತಾರೆ. ಟವರ್ ಗುಜರಿಯಲ್ಲಿ ಅಂಗೈ ಅಗಲದ ಇಂಥ ಪೆಟ್ಟಿಗೆಗಳೂ ಸಿಗ್ತವೆ. ತಂದವರು ಪ್ರೀತಿಯಿಂದ ಅದನ್ನೂ ಥರ್ಮೊಕೋಲ್ ಡಬ್ಬಿಗೆ ಹಾಕ್ತಾರೆ. ಹಾಕಬಾರದು. ಓವನ್ ಕ್ರಿಸ್ಟಲ್ ಒಂದೆರಡು ವ್ಯಾಟ್ ತಿನ್ನುತ್ತೆ, ಡಬ್ಬಿ ಮೂರ್ನಾಲ್ಕು ಡಿಗ್ರಿ ಮಾತ್ರ ಬಿಸಿಯಾಗುತ್ತೆ. ರುಬಿಡಿಯಂ 12 ವ್ಯಾಟ್ ತಿನ್ನುತ್ತೆ. ಅದೇ ಡಬ್ಬಿಯಲ್ಲಿ 20 ಡಿಗ್ರಿ ಏರುತ್ತೆ. ಏಪ್ರಿಲ್‌ನ 34ಕ್ಕೆ 20 ಸೇರಿದರೆ 54. ಒಳಗಿನ ದೀಪ, ಬಿಡಿಭಾಗಗಳ ಆಯುಷ್ಯ ಕರಗುತ್ತೆ, ಒಳಗಿನ ಹೀಟರುಗಳಿಗೂ ಹಿಡಿತ ತಪ್ಪೋ ಅಪಾಯ. ಅದಕ್ಕೆ ಬೇಕಿರೋದು ಹೊದಿಕೆ ಅಲ್ಲ, ದಪ್ಪ ಅಲ್ಯುಮಿನಿಯಂ ಹೀಟ್‌ಸಿಂಕ್. ಅದರ ತಳಕ್ಕೆ ಒಂದು ಫ್ಯಾನ್ ಕೂರಿಸಿ, ತಳದ ತಾಪಮಾನ ನೋಡಿಕೊಂಡು ಫ್ಯಾನಿನ ವೇಗ ಏರಿಸಿ-ಇಳಿಸಿ ಮಾಡ್ತಾರೆ. ಅಂದ್ರೆ ಕ್ರಿಸ್ಟಲ್‌ಗೆ ಹೀಟರ್‌ನಿಂದ ಮಾಡಿದ್ದನ್ನೇ ಇಲ್ಲಿ ಗಾಳಿಯಿಂದ ಮಾಡೋದು.

ಸರಿ ಇದೆ ಅಂತ ಯಾರು ಹೇಳಬೇಕು?

ಒಂದೇ ಗಡಿಯಾರ ಇದ್ದವನಿಗೆ ಅದು ತಪ್ಪು ಅಂತ ಯಾವತ್ತೂ ಗೊತ್ತಾಗಲ್ಲ. ಹಿಂದೆ ದೆಹಲಿಯ ಎನ್‌ಪಿಎಲ್ 'ಎಟಿಎ' ಹೆಸರಿನ ಕೇಂದ್ರದಿಂದ ಶಾರ್ಟ್‌ವೇವ್‌ನಲ್ಲಿ ಟಿಕ್ ಟಿಕ್ ಸಂಕೇತ ಬಿಡ್ತಿತ್ತು. ಅದು ನಿಂತುಹೋಗಿದೆ. ಈಗ ಹವ್ಯಾಸಿಗಳಿಗೆ ಗುರು ಅಂದ್ರೆ ಜಿಪಿಎಸ್ ಮತ್ತು ನಮ್ಮದೇ ನಾವಿಕ್.

ತಾರಸಿ ಮೇಲೆ ಮುಷ್ಟಿಯಷ್ಟು ದೊಡ್ಡ ಆಂಟೆನಾ ಇಡ್ತಾರೆ, ನೀರಿನ ಟ್ಯಾಂಕಿಗಿಂತ ಎತ್ತರದಲ್ಲಿ. ಟ್ಯಾಂಕ್ ಅಡ್ಡ ಬಂದರೆ ಅರ್ಧ ಆಕಾಶ ಕಾಣಲ್ಲ. ಏಪ್ರಿಲ್-ಮೇ ಗುಡುಗು ಮಳೆಗೆ ಮುಂಚೆ ಸರ್ಜ್ ಪ್ರೊಟೆಕ್ಟರ್, ಅರ್ಥಿಂಗ್ ಕಡ್ಡಾಯ. ಒಂದು ಸಿಡಿಲಿಗೆ ಆಂಟೆನಾ ಕೇಬಲ್ ಹಿಡಿದು ಎಲ್ಲವೂ ಹೋಗುತ್ತೆ. ಜಕ್ಕೂರು ಏರೋಡ್ರೋಮ್, ಯಲಹಂಕ ವಾಯುನೆಲೆ ಹತ್ತಿರದವರಿಗೆ ಅನುಮಾನ ಬರಬಹುದು. ಈ ಆಂಟೆನಾ ಏನನ್ನೂ ಪ್ರಸಾರ ಮಾಡಲ್ಲ, ಕೇಳಿಸಿಕೊಳ್ಳುತ್ತೆ ಅಷ್ಟೇ. ಪ್ರಸಾರ ಮಾಡೋ ಹ್ಯಾಮ್ ರೇಡಿಯೋಗೆ ಮಾತ್ರ ಪರೀಕ್ಷೆ ಬರೆದು ಲೈಸೆನ್ಸ್ ಪಡೀಬೇಕು.

ರಿಸೀವರ್ ಸೆಕೆಂಡಿಗೊಂದು ಬಡಿತ ಕೊಡುತ್ತೆ. ಅದನ್ನು ಆಸಿಲೋಸ್ಕೋಪಿನ ಒಂದು ಚಾನೆಲ್‌ಗೆ, ಮನೆಯ ಓವನ್ ಕ್ರಿಸ್ಟಲ್ಲನ್ನು ಇನ್ನೊಂದಕ್ಕೆ ಕೊಟ್ಟರೆ ಪರದೆ ಮೇಲೆ ಅಲೆ ಮೆಲ್ಲಗೆ ಒಂದು ಕಡೆ ಜಾರೋದು ಕಾಣುತ್ತೆ. ಎಷ್ಟು ಬೇಗ ಜಾರುತ್ತೋ ಅಷ್ಟು ತಪ್ಪು. ನೂರು ಸೆಕೆಂಡಿಗೆ ಒಂದು ಅಲೆ ಜಾರಿದರೆ ನೂರು ಕೋಟಿಗೆ ಒಂದು. ಹದಿನಾರು ನಿಮಿಷ ನಲವತ್ತು ಸೆಕೆಂಡಿಗೆ ಒಂದು ಅಲೆಯಾದರೆ ಸಾವಿರ ಕೋಟಿಗೆ ಒಂದು. ಅಲ್ಲಿಂದ ಮುಂದೆ ಕಣ್ಣಿಗೆ ಕಾಣಲ್ಲ, ರಾತ್ರಿಯಿಡೀ ಲೆಕ್ಕ ಬರೆಸಬೇಕು. ಯಾಕಂದ್ರೆ ಜಿಪಿಎಸ್ ರಿಸೀವರ್‌ನ ಬಡಿತವೂ ಹತ್ತಾರು ನ್ಯಾನೋಸೆಕೆಂಡು ನಡುಗುತ್ತೆ. ಕ್ರಿಸ್ಟಲ್ ಕೈ ನಡುಗದ ಕೆಲಸಗಾರ, ಆದ್ರೆ ದಿನ ಕಳೆದಂತೆ ಅಳತೆ ಜಾರುತ್ತೆ. ಜಿಪಿಎಸ್ ಕೈ ನಡುಗುವ ಯಜಮಾನ, ಆದ್ರೆ ತಿಂಗಳ ಲೆಕ್ಕ ತಪ್ಪಲ್ಲ. ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿ, ಯಜಮಾನ ಆಗಾಗ ಮೆಲ್ಲಗೆ ತಿದ್ದೋ ಹಾಗೆ ಮಾಡಿದರೆ ಹವ್ಯಾಸಿಗಳ ಅಚ್ಚುಮೆಚ್ಚಿನ ಉಪಕರಣ ತಯಾರು.

ಇಷ್ಟೆಲ್ಲ ಯಾಕೆ ಅಂತ ಕೇಳೋರಿಗೆ ನಾವಿಕ್ ಕತೆ ಹೇಳಬಹುದು. ಬೆಳಕು ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತೆ. ಉಪಗ್ರಹದ ಗಡಿಯಾರ ಹತ್ತು ನ್ಯಾನೋಸೆಕೆಂಡು ತಪ್ಪಿದರೆ ನೆಲದ ಮೇಲೆ ನಿಮ್ಮ ಜಾಗ ಮೂರು ಮೀಟರ್ ತಪ್ಪುತ್ತೆ. 2013ರ ಜುಲೈನಲ್ಲಿ ಹಾರಿದ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎಯಲ್ಲಿ ಮೂರು ರುಬಿಡಿಯಂ ಗಡಿಯಾರಗಳಿದ್ದವು, ಹೊರದೇಶದಿಂದ ತಂದವು. ಮೂರೂ ಕೆಟ್ಟವು. ಉಪಗ್ರಹದ ಉಳಿದದ್ದೆಲ್ಲ ಸರಿ ಇದ್ದರೂ ಸ್ಥಾನ ಹೇಳುವ ಕೆಲಸಕ್ಕೆ ಬಾರದಾಯ್ತು. ಆಮೇಲೆ ಅಹಮದಾಬಾದಿನ ಇಸ್ರೋ ಕೇಂದ್ರದಲ್ಲಿ ನಮ್ಮದೇ ರುಬಿಡಿಯಂ ಗಡಿಯಾರ ಮಾಡಿದರು. 2023ರ ಮೇ 29ರಂದು ಎನ್‌ವಿಎಸ್-01 ಉಪಗ್ರಹದಲ್ಲಿ ಅದು ಮೇಲೆ ಹೋಯ್ತು. ನಾವಿಕ್‌ನ ನೆಲದ ಗಡಿಯಾರಗಳು ಇರೋದು ನಮ್ಮ ಬ್ಯಾಲಾಳುವಿನ ಕೇಂದ್ರದಲ್ಲಿ.

ಕರೆಂಟ್ ಹೋದ್ರೆ

ಹವ್ಯಾಸಿಗಳ ನಿದ್ದೆ ಕೆಡಿಸೋದು ತಾಪಮಾನಕ್ಕಿಂತ ಹೆಚ್ಚಾಗಿ ಇದು. ಓವನ್ ಆರಿ ಕ್ರಿಸ್ಟಲ್ ತಣ್ಣಗಾಗಿ ಮತ್ತೆ ಬಿಸಿಯಾದರೆ ಮೊದಲಿದ್ದ ಬಡಿತಕ್ಕೇ ಸರಿಯಾಗಿ ವಾಪಸ್ ಬರಲ್ಲ. ಚೂರು ಬೇರೆ ಕಡೆ ನಿಲ್ಲುತ್ತೆ. ಮತ್ತೆ ನೆಲೆಗೊಳ್ಳೋಕೆ ದಿನಗಳು, ಕೆಲವಕ್ಕೆ ವಾರಗಳು ಬೇಕು. ಕ್ರಿಸ್ಟಲ್‌ಗೆ ವಯಸ್ಸಾಗುವ ವೇಗ ಕೂಡ ಸತತವಾಗಿ ಉರಿದಷ್ಟೂ ಕಮ್ಮಿಯಾಗ್ತಾ ಬರುತ್ತೆ. ಮೂರು ತಿಂಗಳು ಬರೆದಿಟ್ಟ ಗ್ರಾಫ್ ಒಂದು ಸಂಜೆಯ ಕರೆಂಟ್ ಕಡಿತಕ್ಕೆ ಮುರಿದುಬೀಳುತ್ತೆ. ಅದಕ್ಕೇ ಗಂಭೀರವಾಗಿ ಮಾಡೋರು ವರ್ಷಗಟ್ಟಲೆ ಆಫ್ ಮಾಡಲ್ಲ. ಮನೆ ಬದಲಾಯಿಸುವಾಗ ಬ್ಯಾಟರಿಗೆ ಕಟ್ಟಿ, ಉರೀತಿರೋ ಹಾಗೇ ಹೊತ್ತೊಯ್ಯುವವರೂ ಇದ್ದಾರೆ.

ಒಳ್ಳೇ ಸುದ್ದಿ ಅಂದ್ರೆ ಓವನ್ ಕ್ರಿಸ್ಟಲ್ ಹೆಚ್ಚು ತಿನ್ನಲ್ಲ. ಅಂಗಡಿ ಯುಪಿಎಸ್‌ನಲ್ಲಿರೋ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಒಂದು ಹಗಲು-ರಾತ್ರಿ ಎಳೆಯುತ್ತೆ. ರುಬಿಡಿಯಂಗೆ ಅಂಥ ಎರಡು ಸೇರಿಸಿ 24 ವೋಲ್ಟ್ ಮಾಡಿದರೂ ಹತ್ತು ಗಂಟೆ ಸಿಕ್ಕರೆ ಪುಣ್ಯ.

ರುಬಿಡಿಯಂ, ಓವನ್ ಎಲ್ಲ ಬೇಡ, ಸುಮ್ನೆ ರುಚಿ ನೋಡಬೇಕು ಅನ್ನೋರಿಗೆ ಎಸ್.ಪಿ. ರೋಡ್‌ನಲ್ಲಿ ಸಿಗೋ ಡಿಎಸ್3231 ಅನ್ನೋ ಗಡಿಯಾರ ಚಿಪ್ಪಿನ ಸಣ್ಣ ಬೋರ್ಡ್ ಸಾಕು. ಅದರೊಳಗೇ ತಾಪಮಾನ ಅಳೆದು ತಿದ್ದಿಕೊಳ್ಳೋ ಏರ್ಪಾಡಿದೆ. ಅಸಲಿ ಚಿಪ್ ಆದರೆ ವರ್ಷಕ್ಕೆ ಒಂದು ನಿಮಿಷದ ಆಚೀಚೆ.

ಇನ್ನು ಅಂಗಡಿಯ ಡಿವಿಆರ್. ಅದಕ್ಕೆ ಓವನ್ ಬೇಡ, ಇಂಟರ್ನೆಟ್ ಸಂಪರ್ಕ ಇದ್ದರೆ ಸಾಕು. ಸೆಟ್ಟಿಂಗ್ಸ್‌ನಲ್ಲಿ ಸಮಯದ ಪುಟಕ್ಕೆ ಹೋಗಿ ಎನ್‌ಟಿಪಿ ಅನ್ನೋದನ್ನು ಆನ್ ಮಾಡಿ, ಟೈಮ್ ಝೋನ್ ಐದೂವರೆ ಗಂಟೆ ಮುಂದೆ ಅಂತಿದೆಯಾ ನೋಡಿ; ಚೀನಾದ ಎಂಟು ಗಂಟೆ ಹಾಕಿಕೊಂಡೇ ಬಂದಿರೋ ಪೆಟ್ಟಿಗೆಗಳೂ ಇವೆ. ಎನ್‌ಪಿಎಲ್ ತನ್ನದೇ ಸರ್ವರ್ ಇಟ್ಟಿದೆ: ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್. ಇಂಟರ್ನೆಟ್ ಇಲ್ಲದ ಪೆಟ್ಟಿಗೆಯಾದರೆ ತಿಂಗಳ ಮೊದಲ ದಿನ ಮೊಬೈಲ್ ಪಕ್ಕದಲ್ಲಿಟ್ಟು ಎಷ್ಟು ಸೆಕೆಂಡು ವ್ಯತ್ಯಾಸ ಅಂತ ಬಿಲ್ ಪುಸ್ತಕದ ಹಿಂದೆ ಬರೆದು, ಆಮೇಲೆ ಸಮಯ ಸರಿಮಾಡಿ. ಪೊಲೀಸರು ಕೇಳಿದ ದಿನ ಆ ಸಾಲು ಬೇಕಾಗುತ್ತೆ. 30 ದಿನಕ್ಕೆ 52 ಸೆಕೆಂಡು ಬಂದರೆ ನಿಮ್ಮ ಪೆಟ್ಟಿಗೆ ಹತ್ತು ಲಕ್ಷಕ್ಕೆ 20 ನಿಧಾನ. ಹಾಗೇ ಬರೀತಾ ಹೋದರೆ ಏಪ್ರಿಲ್‌ನ ಸಂಖ್ಯೆಯೂ ಡಿಸೆಂಬರ್‌ನ ಸಂಖ್ಯೆಯೂ ಒಂದೇ ಇರಲ್ಲ.